ಪಾಸ್‌ವರ್ಡ್ ಬದಲಿಸುವ ಮುಂಚೆ ಬ್ರೌಸರ್ ನೋಡಿ

ಹೊಸೂರು, ಸೊಲ್ಲಾಪುರ, ಆದೋನಿ ಕಡೆಯಿಂದ ಬಂದು ಐಟಿ ಸಪೋರ್ಟ್ ಕೆಲಸಕ್ಕೆ ಸೇರುತ್ತಿರುವ ಗೆಳೆಯರಿಗಾಗಿ ಇವತ್ತು ಒಂದೇ ವಿಷಯ. ಕಂಪನಿಯ ಮೆಸೇಜಿಂಗ್ ಕ್ಲೌಡ್‌ಗೆ ಹೋದ ಮರುದಿನ ಬೆಳಗ್ಗೆ "ಲಾಗಿನ್ ಆಗ್ತಿಲ್ಲ" ಅಂತ ಫೋನ್ ಬಂದರೆ ಏನು ಮಾಡ್ಬೇಕು?

ಸ್ಕೈಪ್ ಫಾರ್ ಬಿಸಿನೆಸ್ ಸರ್ವರ್ 2015 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ವಂತ ಸರ್ವರ್ ಇಟ್ಟುಕೊಂಡಿದ್ದ ಕಚೇರಿಗಳು ಟೀಮ್ಸ್‌ಗೆ ಬರ್ತಿವೆ. ಹಾಗಾಗಿ ಆ ಫೋನ್ ನಿಮಗೂ ಬರ್ತದೆ.

ಬಂದ ಕೂಡಲೇ ಪಾಸ್‌ವರ್ಡ್ ರೀಸೆಟ್ ಮಾಡ್ಬೇಡಿ. ಹಳೆಯ ಪಾಸ್‌ವರ್ಡ್ ಉಳಿಸಿಕೊಂಡ ಮೊಬೈಲ್ ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸಿ ಖಾತೆಯೇ ಲಾಕ್ ಆಗಬಹುದು. ಇದ್ದ ಒಂದು ತೊಂದರೆ ಎರಡಾಗ್ತದೆ.

ಮೊದಲು ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ ಟೀಮ್ಸ್ ತೆರೆಯೋಕೆ ಹೇಳಿ. ಕೀಬೋರ್ಡ್ ಕನ್ನಡದಲ್ಲೋ ತಮಿಳಿನಲ್ಲೋ ಇಲ್ಲ ತಾನೇ ಅಂತ ಕೇಳಿ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣೋದರಿಂದ ಅದು ಗೊತ್ತಾಗೋದಿಲ್ಲ.

ಬ್ರೌಸರ್‌ನಲ್ಲಿ ಒಳಗೆ ಹೋದರೆ ಖಾತೆ ಸರಿಯಿದೆ, ತೊಂದರೆ ಆ ಕಂಪ್ಯೂಟರಿನದು. ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ಆಫೀಸ್ ನಮೂದುಗಳನ್ನು ಅಳಿಸಿ. ಸೆಟ್ಟಿಂಗ್ಸ್‌ನಲ್ಲಿ ಟೀಮ್ಸ್ ಆಪ್ ರೀಸೆಟ್ ಮಾಡಿ. ಗಡಿಯಾರ, ದಿನಾಂಕ ಸರಿಯಿದೆಯಾ ನೋಡಿ.

ಬ್ರೌಸರ್‌ನಲ್ಲೂ ಆಗದಿದ್ದರೆ ತೊಂದರೆ ಹೆಚ್ಚಾಗಿ ಖಾತೆಯದು. ಅಲ್ಲಿ ಮೊದಲು ನೋಡಬೇಕಾದ್ದು ಹೆಸರು. ನಮ್ಮ ಗಡಿ ಊರುಗಳಲ್ಲಿ ಒಬ್ಬರದೇ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇರ್ತದಲ್ಲ, ಇದೂ ಹಾಗೇ. ಇಮೇಲ್ ವಿಳಾಸ ಒಂದು, ಲಾಗಿನ್ ಹೆಸರು ಮತ್ತೊಂದು ಇರಬಹುದು. ಕಚೇರಿಯ ಒಳಗಿನ ಡೊಮೇನ್ '.ಲೋಕಲ್' ಅಂತ ಮುಗಿದರೆ ಕ್ಲೌಡ್ ಅದನ್ನು ಒಪ್ಪೋದಿಲ್ಲ, ಹೆಸರಿನ ಕೊನೆಗೆ 'ಆನ್‌ಮೈಕ್ರೋಸಾಫ್ಟ್.ಕಾಮ್' ಅಂಟಿಸ್ತದೆ. ಆ ನೌಕರ ತನ್ನ ಹಳೇ ವಿಳಾಸವನ್ನೇ ಟೈಪ್ ಮಾಡ್ತಾ ಇರ್ತಾನೆ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದ್ರೂ ಅದು ಸರಿಹೋಗೋದಿಲ್ಲ.

ಊಹೆ ಮಾಡುವ ಅಗತ್ಯವಿಲ್ಲ. ಅಡ್ಮಿನ್ ಕಡೆಯ ಸೈನ್-ಇನ್ ಲಾಗ್‌ನಲ್ಲಿ ಸಂಖ್ಯೆ ಇರ್ತದೆ. 50034 ಅಂದರೆ ಆ ಹೆಸರಿನ ಖಾತೆಯೇ ಅಲ್ಲಿಲ್ಲ. 50126 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 50053 ಅಂದರೆ ಖಾತೆ ಲಾಕ್ ಆಗಿದೆ. ಲಾಗಿನ್ ಆಗಿಯೂ ಟೀಮ್ಸ್ ಸಿಗದಿದ್ದರೆ ಲೈಸೆನ್ಸ್ ಕೊಟ್ಟಿದ್ದಾರಾ ನೋಡಿ. ಕಚೇರಿಯ ಡೈರೆಕ್ಟರಿಯಲ್ಲಿ ಹೆಸರು ತಿದ್ದಿದರೆ ಕ್ಲೌಡ್‌ಗೆ ತಲುಪೋಕೆ ಸಮಯ ಹಿಡಿತದೆ. ಸಾಮಾನ್ಯವಾಗಿ ಸಿಂಕ್ ನಡೆಯೋದು 30 ನಿಮಿಷಕ್ಕೊಮ್ಮೆ. ಅಷ್ಟು ಹೊತ್ತು ಕಾಯಿರಿ, ಕಾಯೋಕೆ ಹೇಳಿ.

ಕೊನೆಯದಾಗಿ, ಯಾರ ಪಾಸ್‌ವರ್ಡನ್ನೂ ಕೇಳಬೇಡಿ. ಇಂಥ ಬದಲಾವಣೆಯ ದಿನಗಳಲ್ಲೇ "ಖಾತೆ ಖಚಿತಪಡಿಸಿ" ಅನ್ನುವ ಮೋಸದ ಲಿಂಕ್‌ಗಳಿಗೆ ಜನ ಸುಲಭವಾಗಿ ಬೀಳ್ತಾರೆ. ಲಾಗಿನ್ ಆಗದವರಿಗೆ ಆ ದಿನದ ಶಿಫ್ಟ್ ಸಂದೇಶ ತಪ್ಪುತ್ತದೆ, ಮೇಲಿನವರ ಬೈಗುಳವೂ ಅವರಿಗೇ. ಅವರು ಗಾಬರಿಯಲ್ಲಿರ್ತಾರೆ. ನೀವು ನಿಧಾನವಾಗಿ, ಅವರ ಭಾಷೆಯಲ್ಲೇ, ಒಂದೊಂದಾಗಿ ಕೇಳಿ. ಅರ್ಧ ಕೆಲಸ ಅಲ್ಲೇ ಆಗ್ತದೆ.

ಈಗ ನಿಮ್ಮ ಪ್ರಶ್ನೆಗಳು ಬರಲಿ.