ಒಂದೇ ಟೆಸ್ಟ್ ಆಡಿದ ಕೋಚ್

ದಾವಣಗೆರೆ, ಹರಿಹರದ ಮೈದಾನಗಳಲ್ಲಿ ಆಡುವ ಮಕ್ಕಳಿಗೆ ಯಾರು ಕಲಿಸಬೇಕು? ದೊಡ್ಡ ತಾರೆಗಳೇ ಕಲಿಸಬೇಕೆಂದು ನಾವು ಭಾವಿಸುತ್ತೇವೆ. ದಾವಣಗೆರೆಯ ಆರ್. ವಿನಯ್ ಕುಮಾರ್ ಅವರ ಬದುಕು ಬೇರೆ ಮಾತು ಹೇಳುತ್ತದೆ. ಅವರು ಭಾರತಕ್ಕೆ ಆಡಿದ್ದು ಒಂದೇ ಟೆಸ್ಟ್, 2012ರಲ್ಲಿ, ಪರ್ತ್‌ನಲ್ಲಿ. ಆದರೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರು ಪಡೆದದ್ದು 504 ವಿಕೆಟ್. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು. ಎರಡನೆಯ ಫೈನಲ್‌ನಲ್ಲಿ ಐದು ವಿಕೆಟ್ ಕಿತ್ತರು, ಶತಕವನ್ನೂ ಹೊಡೆದರು. ಎಂಥ ಪಂದ್ಯ ಅದು! 2021ರಲ್ಲಿ ಆಟದಿಂದ ನಿವೃತ್ತರಾದರು. ಬಳಿಕ ಮುಂಬೈ ಇಂಡಿಯನ್ಸ್‌ಗಾಗಿ ಹೊಸ ಪ್ರತಿಭೆಗಳನ್ನು ಹುಡುಕಿದರು, ಎಂಐ ಎಮಿರೇಟ್ಸ್ ತಂಡಕ್ಕೆ ಬೌಲಿಂಗ್ ಕೋಚ್ ಆದರು.

ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬಹುಕಾಲ ನಿಲ್ಲದವರು ಏನು ಕಲಿಸಿಯಾರು ಎಂದು ಕೇಳುವವರಿದ್ದಾರೆ. 2013ರಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಎದುರು ವಿನಯ್ ಒಂಬತ್ತು ಓವರುಗಳಲ್ಲಿ 102 ರನ್ ಕೊಟ್ಟದ್ದನ್ನೂ ನೆನಪಿಸುತ್ತಾರೆ. ಅದು ನಿಜವೇ. ಆದರೆ ಅದೇ ಋತುವಿನಲ್ಲಿ ಅವರು ರಾಜ್ಯಕ್ಕೆ ರಣಜಿ ತಂದುಕೊಟ್ಟರು. ಪೆಟ್ಟು ತಿಂದ ಬೌಲರ್ ಮರುದಿನ ಹೇಗೆ ಓಡಿಬರಬೇಕು ಎಂಬುದನ್ನು ಅಂಥವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಹುಟ್ಟಾ ವೇಗವಿದ್ದವನಿಗೆ ತನ್ನ ಶಕ್ತಿಯನ್ನು ವಿವರಿಸುವುದು ಕಷ್ಟ. ವಿನಯ್ ನೆಚ್ಚಿಕೊಂಡಿದ್ದು ಸ್ವಿಂಗ್, ನಿಖರತೆ, ಅಂತ್ಯದ ಓವರುಗಳಲ್ಲಿ ವೇಗದ ಬದಲಾವಣೆ. ಇವು ಒಂದೊಂದಾಗಿ ಬಿಡಿಸಿ ತೋರಿಸಬಹುದಾದ ವಿದ್ಯೆಗಳು. ಬಹಳ ಆಡಿದವರೆಲ್ಲ ಕಲಿಸಬಲ್ಲರು ಎಂದಲ್ಲ, ತಾಳ್ಮೆಯೂ ಬೇಕು. ಆದರೆ ನಮ್ಮೂರಿನ ಹುಡುಗ, ಹುಡುಗಿಯರಿಗೆ ಕೋಚ್ ಹುಡುಕುವಾಗ, ಅವರು ಆಡಿದ ಟೆಸ್ಟ್‌ಗಳನ್ನಷ್ಟೇ ಎಣಿಸುವುದು ಬೇಡ.