ನಕ್ಷತ್ರ, ಗೋದಲಿ, ಶುಭಾಶಯದ ಓಲೆ



ಕ್ರಿಸ್ಮಸ್ ಹಬ್ಬಕ್ಕೆ ಶುಭಾಶಯದ ಓಲೆಗಳನ್ನು ಕಳುಹಿಸತಕ್ಕ ಪದ್ಧತಿ ಬಹಳ ಪುರಾತನವಾದುದೆಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಅದು ನಿಜವಲ್ಲ. ಹಬ್ಬಕ್ಕೆಂದೇ ಅಚ್ಚು ಮಾಡಿದ ಓಲೆ ಮೊದಲು ಮಾರಾಟಕ್ಕೆ ಬಂದದ್ದು 1843ನೆಯ ಇಸವಿಯಲ್ಲಿ, ಲಂಡನ್ ನಗರದಲ್ಲಿ. ಮಾಡಿಸಿದಾತ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ. ಚಿತ್ರ ಬರೆದುಕೊಟ್ಟಾತ ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದ. ಇದರ ಹುಟ್ಟಿನ ಕಥೆಯಲ್ಲಿ ಒಂದು ತಮಾಷೆಯಿದೆ. ಅದಕ್ಕೆ ಮೂರು ವರ್ಷ ಹಿಂದೆ, 1840ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತ್ತು. ಅದು ಬರಬೇಕೆಂದು ರೋಲಂಡ್ ಹಿಲ್ಲನೊಡನೆ ದುಡಿದವರಲ್ಲಿ ಈ ಕೋಲ್ ಮಹಾಶಯನೂ ಒಬ್ಬ. ಅಂಚೆ ಅಗ್ಗವಾಯಿತು, ಕಾಗದಗಳು ಹೆಚ್ಚಿದವು, ಹಬ್ಬ ಬಂದಾಗ ಒಬ್ಬೊಬ್ಬ ಮಿತ್ರನಿಗೂ ಕೈಯಾರೆ ಬರೆಯುವುದಕ್ಕೆ ಆತನಿಗೇ ಪುರಸತ್ತು ಇಲ್ಲದೆ ಹೋಯಿತು! ಆಗ ಹೊಳೆದ ಉಪಾಯವೇ ಈ ಓಲೆ. ನಡುವೆ ಹಬ್ಬದೂಟಕ್ಕೆ ಕುಳಿತ ಒಂದು ಕುಟುಂಬ, ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನವನ್ನೂ ಬಟ್ಟೆಯನ್ನೂ ಕೊಡುವ ದೃಶ್ಯ. ಕಲ್ಲಚ್ಚಿನಲ್ಲಿ ತೆಗೆದ ಈ ಚಿತ್ರಕ್ಕೆ ಬಣ್ಣವನ್ನು ಮಾತ್ರ ಕೈಯಿಂದಲೇ ತುಂಬಿದ್ದರು. ಬೆಲೆ ಒಂದು ಷಿಲ್ಲಿಂಗು, ಎಂದರೆ ಹನ್ನೆರಡು ಕಾಗದಗಳ ಅಂಚೆವೆಚ್ಚ. ಸಾಮಾನ್ಯ ಜನರಿಗೆ ಎಟುಕುವ ವಸ್ತುವಲ್ಲ. ಮೇಲಾಗಿ ಚಿತ್ರದಲ್ಲಿ ಎಳೆಯ ಮಗುವಿನ ಬಾಯಿಗೂ ಮದ್ಯದ ಬಟ್ಟಲನ್ನು ಹಿಡಿದಿದ್ದರೆಂದು ಪಾನನಿರೋಧದವರು ಆಕ್ಷೇಪಿಸಿದರು.

ಇದರಿಂದ ತಿಳಿಯುವುದೇನೆಂದರೆ, ಅಂಗಡಿಯ ಓಲೆ ಹುಟ್ಟಿದ್ದೇ ಸಮಯದ ಅಭಾವದಿಂದ. ಆದರೂ ಕೋಲನ ಓಲೆಯಲ್ಲಿ ಪಡೆಯುವವನ ಹೆಸರಿಗೂ ಕಳುಹಿಸುವವನ ಹೆಸರಿಗೂ ಜಾಗ ಬಿಟ್ಟಿತ್ತು. ಅಷ್ಟನ್ನಾದರೂ ಲೇಖನಿ ಹಿಡಿದು ಬರೆಯಬೇಕಾಗಿತ್ತು. ಈಗ ಅದೂ ಬೇಡವಾಗಿದೆ. ಅಂಗೈಯಲ್ಲಿನ ದೂರವಾಣಿಯಿಂದ ಒಂದೇ ಚಿತ್ರವನ್ನು ಒಂದೇ ಬೆರಳಿನಿಂದ ನೂರು ಮಂದಿಗೆ ರವಾನಿಸಬಹುದು. ಪಡೆದವರು ಅದನ್ನೇ ಮತ್ತೆ ನೂರು ಮಂದಿಗೆ ದಾಟಿಸಬಹುದು. ಅದು ಯಾರಿಂದ ಯಾರಿಗೆ ಬಂದ ಶುಭಾಶಯವೆಂಬುದನ್ನು ತರ್ಕಶಾಸ್ತ್ರದ ಅಧ್ಯಾಪಕರು ನಿರ್ಣಯಿಸಬೇಕು. ನಾನು ಗಣಿತದವನು.

ಇದಕ್ಕೆ ವಿರುದ್ಧವಾದ ದಾರಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮನೆಯಲ್ಲಿ ಕೈಯಿಂದ ಮಾಡುವ ಹಬ್ಬದ ಅಲಂಕಾರಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಮುಖ್ಯವಾದುದು ಕಾಗದವೂ ಅಲ್ಲ, ಬಿದಿರೂ ಅಲ್ಲ, ದಿವಸಗಳು. ಕ್ರೈಸ್ತರ ಪಂಚಾಂಗದಲ್ಲಿ ಈ ದಿವಸಗಳಿಗೆ ಏರ್ಪಾಡೇ ಉಂಟು. ಹಬ್ಬಕ್ಕೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಆಗಮನ ಕಾಲವೆಂದು ಹೆಸರು. ಅದರ ಮೊದಲನೆಯ ಭಾನುವಾರ ನವೆಂಬರ್ 27ಕ್ಕೂ ಡಿಸೆಂಬರ್ 3ಕ್ಕೂ ನಡುವೆ ಬರುತ್ತದೆ. ಕಾಯುವುದೇ ಆ ಕಾಲದ ಧರ್ಮ. ಸುಮ್ಮನೆ ಕಾಯುವುದು ದೊಡ್ಡವರಿಗೇ ಕಷ್ಟ, ಮಕ್ಕಳಿಗಂತೂ ಅಸಾಧ್ಯ. ಕೈಗೆ ಕೆಲಸವಿದ್ದರೆ ಕಾಯುವುದು ಸಾಧ್ಯವಾಗುತ್ತದೆ.

ಆ ಮೊದಲ ಭಾನುವಾರ ಆರಂಭಿಸಲೇಬೇಕಾದ ಕೆಲಸವೊಂದಿದೆ. ಅರಳಿಮರದ ಬಲಿತ ಎಲೆಗಳನ್ನು ಹತ್ತಿಪ್ಪತ್ತು ಆರಿಸಿ, ಒಂದು ಮಡಕೆಯ ನೀರಿನಲ್ಲಿ ಮುಳುಗಿಸಿ, ಹಿತ್ತಿಲಿನ ಮೂಲೆಯಲ್ಲಿಡಿ. ಹಿತ್ತಿಲೆಂದು ಹೇಳಿದ್ದಕ್ಕೆ ಕಾರಣವಿದೆ. ವಾಸನೆಯನ್ನು ಮನೆಯೊಳಗೆ ಸಹಿಸುವುದು ಕಷ್ಟ. ಎರಡು ಮೂರು ದಿವಸಕ್ಕೊಮ್ಮೆ ನೀರು ಬದಲಾಯಿಸಿರಿ. ಮೂರು ನಾಲ್ಕು ವಾರಗಳಲ್ಲಿ ಎಲೆಯ ಹಸಿರು ಭಾಗವೆಲ್ಲ ಕೊಳೆತು ಮೆತ್ತಗಾಗುತ್ತದೆ. ಆಗ ಎಲೆಯನ್ನು ಅಂಗೈಮೇಲೆ ಹರಡಿ ಮೃದುವಾದ ಕುಂಚದಿಂದ ಹಗುರವಾಗಿ ಉಜ್ಜಿದರೆ ಹಸಿರು ಕಳಚಿಹೋಗಿ, ನರಗಳ ಬಲೆಯೊಂದೇ ಉಳಿಯುತ್ತದೆ. ಯಾವ ನೇಕಾರನೂ ನೇಯಲಾರದ ಜಾಲರಿ ಅದು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ, ಕೆಳಗೆ ನಿಮ್ಮ ಕೈಬರಹದಲ್ಲಿ ಎರಡು ಸಾಲು ಬರೆದರೆ ಓಲೆ ಸಿದ್ಧ. ಈ ಕೆಲಸವನ್ನು ಡಿಸೆಂಬರ್ 23ರಂದು ಆರಂಭಿಸಲಾಗುವುದಿಲ್ಲ. ಹಣ ಎಷ್ಟು ಕೊಟ್ಟರೂ ಎಲೆ ಅವಸರಪಡುವುದಿಲ್ಲ.

ಇನ್ನು ಗೋದಲಿ. ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೆಯ ಪ್ರತಿರೂಪ ಇದು. ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸನು ನಿಜವಾದ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ, ಹುಲ್ಲು ಹರಡಿ ಈ ದೃಶ್ಯವನ್ನು ಏರ್ಪಡಿಸಿದನು. ಕೊಟ್ಟಿಗೆ ಕಟ್ಟುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಹುಲ್ಲು, ಮಣ್ಣು, ಬಿದಿರಿನ ಸೀಳು, ಹಳೆಯ ಗೋಣಿ ಇಷ್ಟಿದ್ದರೆ ಸಾಕು. ನನಗೆ ಅತ್ಯಂತ ಪ್ರಿಯವಾದುದು ಅದರ ಮುಂದಣ ಹಸಿರು. ಹಬ್ಬಕ್ಕೆ ಹತ್ತು ಹನ್ನೆರಡು ದಿವಸ ಮುಂಚೆ ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿಯನ್ನು ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ, ಹಬ್ಬದ ಹೊತ್ತಿಗೆ ಪೈರು ಎದ್ದುನಿಂತು ಬೆತ್ಲೆಹೇಮಿನ ಬೆಟ್ಟದ ಬಯಲಾಗುತ್ತದೆ. ಭತ್ತ ಚೆಲ್ಲುವ ಮನೆಗಳೂ ಇವೆ. ಉತ್ತರ ಕರ್ನಾಟಕದವರಿಗೆ ಇದನ್ನು ಕೇಳಿದೊಡನೆ ನವರಾತ್ರಿಯ ಘಟ್ಟದ ಮೊಳಕೆ ನೆನಪಾಗುವುದು ಸಹಜ. ಮೈಸೂರಿನವರಿಗೆ ದಸರೆಯ ಬೊಂಬೆಗಳ ಮುಂದಿನ ಪುಟ್ಟ ತೋಟ. ಬೆಳಗ್ಗೆ ಎದ್ದೊಡನೆ ತಟ್ಟೆಯ ಬಳಿಗೆ ಓಡುವ ಮಗುವಿಗೆ ಹಬ್ಬ ಹನ್ನೆರಡು ದಿವಸ ಮೊದಲೇ ಬಂದಿರುತ್ತದೆ. ಅಂಗಡಿಯ ಪ್ಲಾಸ್ಟಿಕ್ಕಿನ ಹುಲ್ಲು ವರ್ಷವೆಲ್ಲ ಹಸಿರಾಗಿರುತ್ತದೆ, ಅದು ಬೆಳೆಯುವುದನ್ನು ಮಾತ್ರ ಯಾರೂ ನೋಡಲಾರರು.

ಈಗ ನಕ್ಷತ್ರದ ವಿಷಯ. ಇಲ್ಲಿ ತಾವು ಸ್ವಲ್ಪ ಸಹನೆಯಿಂದಿರಬೇಕು, ಏಕೆಂದರೆ ಇದು ನನ್ನ ಶಾಸ್ತ್ರಕ್ಕೆ ಸೇರಿದ್ದು.

ಜರ್ಮನಿಯ ಮೊರೇವಿಯನ್ ಸಹೋದರರೆಂಬ ಪಂಥದವರು ತಮ್ಮ ಆಶ್ರಯದ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಾಗದದ ನಕ್ಷತ್ರವೊಂದನ್ನು ಮಾಡಿಸುತ್ತಿದ್ದರು. ಅದು ಮೊದಲು ಹಬ್ಬದ ಅಲಂಕಾರವಾಗಿರಲಿಲ್ಲ, ರೇಖಾಗಣಿತದ ಪಾಠವಾಗಿತ್ತು! ಹದಿನೆಂಟು ಚೌಕಗಳೂ ಎಂಟು ತ್ರಿಕೋನಗಳೂ ಉಳ್ಳ ಒಂದು ಘನಾಕೃತಿ. ತೂಗುಹಾಕುವುದಕ್ಕಾಗಿ ಒಂದು ಚೌಕವನ್ನು ಬಿಟ್ಟು ಮಿಕ್ಕ ಇಪ್ಪತ್ತೈದು ಮುಖಗಳ ಮೇಲೂ ಒಂದೊಂದು ಕೋಡು. ಮನೆಬಿಟ್ಟು ದೂರದ ಶಾಲೆಯಲ್ಲಿದ್ದ ಹುಡುಗರು ಪಾಠದ ವಸ್ತುವಿನೊಳಗೆ ದೀಪವಿಟ್ಟು ಹಬ್ಬದ ವಸ್ತುವನ್ನಾಗಿ ಮಾಡಿಕೊಂಡರು. ರೇಖಾಗಣಿತದ ಪುಸ್ತಕವನ್ನು ಪರೀಕ್ಷೆ ಮುಗಿದ ಮಾರನೆಯ ದಿನವೇ ಮಾರಿಬಿಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೇಳುವ ಅವಕಾಶ ಸಿಕ್ಕಾಗಲೆಲ್ಲ ನಾನು ಬಿಡುವುದಿಲ್ಲ.

ನಮ್ಮ ಬೀದಿಗಳಲ್ಲಿ ಕಾಣುವ ನಕ್ಷತ್ರ ಇಷ್ಟು ತೊಡಕಿನದಲ್ಲ. ಐದು ಕೋಡಿನದು, ಬಿದಿರಿನ ಸೀಳುಗಳಿಂದ ಕಟ್ಟುವಂಥದು. ತುಳುನಾಡಿನಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟಬಲ್ಲ ಕೈಗೆ ಡಿಸೆಂಬರಿನ ಈ ನಕ್ಷತ್ರ ಹೊಸ ಕೆಲಸವೇನೂ ಅಲ್ಲ. ಒಂದೇ ಉದ್ದದ ಹತ್ತು ಸೀಳುಗಳು ಬೇಕು. ಇಪ್ಪತ್ತನಾಲ್ಕು ಅಂಗುಲದ್ದೆಂದು ಇಟ್ಟುಕೊಳ್ಳೋಣ. ಪ್ರತಿಯೊಂದಕ್ಕೂ ಎರಡು ತುದಿಗಳಿಂದಲೂ ಒಂಬತ್ತು ಅಂಗುಲಕ್ಕೆ ಎಳ್ಳಷ್ಟು ಮೇಲೆ ಒಂದೊಂದು ಗುರುತು ಹಾಕಿರಿ. ಐದು ಸೀಳುಗಳನ್ನು, ಗುರುತಿನ ಮೇಲೆ ಗುರುತು ಕೂಡುವಂತೆ ಒಂದರ ಮೇಲೊಂದು ಅಡ್ಡಹಾಯಿಸಿ, ತುದಿಗಳನ್ನು ಜೋಡಿಜೋಡಿಯಾಗಿ ದಾರದಿಂದ ಬಿಗಿದರೆ ಸೊಟ್ಟವಿಲ್ಲದ ಪಂಚಕೋನ ನಕ್ಷತ್ರ ತಾನಾಗಿ ಬರುತ್ತದೆ. ಕೋನಮಾಪಕ ಬೇಡ. ಆ ಒಂಬತ್ತು ಅಂಗುಲದ ಗುಟ್ಟು ಏನೆಂದರೆ, ಇಡೀ ಸೀಳಿಗೂ ಗುರುತಿನಿಂದಾದ ದೊಡ್ಡ ಭಾಗಕ್ಕೂ ಇರುವ ಪ್ರಮಾಣವೇ ದೊಡ್ಡ ಭಾಗಕ್ಕೂ ಚಿಕ್ಕ ಭಾಗಕ್ಕೂ ಇರುತ್ತದೆ. ಯೂಕ್ಲಿಡ್ ವಿವರಿಸಿದ ಪ್ರಮಾಣ ಇದು. ಅದನ್ನು ಅರಿಯದೆಯೂ ನಕ್ಷತ್ರ ಕಟ್ಟಬಹುದು. ಅರಿತು ಕಟ್ಟುವವರಿಗೆ ಸಂತೋಷ ಇಮ್ಮಡಿ.

ಇಂಥ ಎರಡು ಚೌಕಟ್ಟುಗಳನ್ನು ಮಾಡಿ, ಒಂದರ ಮೇಲೊಂದಿಟ್ಟು ಐದು ಕೊನೆಗಳಲ್ಲಿಯೂ ಕಟ್ಟಿ, ಒಳಗಡೆ ಸೀಳುಗಳು ಅಡ್ಡಹಾಯುವ ಐದು ಎಡೆಗಳಲ್ಲಿ ನಾಲ್ಕು ಅಂಗುಲದ ಕಡ್ಡಿಯೊಂದೊಂದನ್ನು ನಿಲ್ಲಿಸಿ ಬಿಗಿದರೆ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಮೇಲೆ ಗಾಳಿಪಟದ ತೆಳುಕಾಗದ. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿದರೆ ಸಾಕು. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುವ ರೂಢಿಯುಂಟು. ಅದು ವಿಷವಾದುದರಿಂದ, ಮಕ್ಕಳು ಅಂಟು ಮುಟ್ಟುವ ಮನೆಯಲ್ಲಿ ಅದನ್ನು ಬಿಟ್ಟುಬಿಡುವುದೇ ಲೇಸು. ಹಿಂಬದಿಯಲ್ಲಿ ಕೈ ಹೋಗುವಷ್ಟು ಜಾಗ ಬಿಡಬೇಕು, ದೀಪಕ್ಕಾಗಿ. ಮೊಂಬತ್ತಿಯನ್ನು ಇಡಲೇ ಬೇಡಿ. ಕಾಗದಕ್ಕೂ ಬಿದಿರಿಗೂ ಬೆಂಕಿಯೊಡನೆ ಸ್ನೇಹ ಹೆಚ್ಚು. ಕಾವು ಕಡಿಮೆಯಿರುವ ಸಣ್ಣ ವಿದ್ಯುದ್ದೀಪ ಸಾಕು.

ಬಿದಿರು ಸೀಳಲು ಬಾರದವರಿಗೆ ಕಾಗದದ ಮಡಿಕೆಯೇ ಇದೆ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟ ಫ್ರೋಬೆಲ್ ಮಹಾಶಯನ (1782–1852) ಹೆಸರಿನಲ್ಲಿ ಒಂದು ನಕ್ಷತ್ರ ಪ್ರಸಿದ್ಧವಾಗಿದೆ. ಸಮನಾದ ನಾಲ್ಕು ಪಟ್ಟಿಗಳನ್ನು ಒಂದರೊಳಗೊಂದು ಹೆಣೆದು ಮಡಿಸಿದರೆ ಅಂಟಿಲ್ಲದೆ, ದಾರವಿಲ್ಲದೆ ಹದಿನಾರು ಮೊನೆಗಳು ಏಳುತ್ತವೆ. ಮಡಿಕೆಯ ಕ್ರಮವನ್ನು ಬಾನುಲಿಯಲ್ಲಿ ವಿವರಿಸಹೊರಟರೆ ಕೇಳುವವರ ಕೈಯಲ್ಲಿ ಕಾಗದದ ಉಂಡೆ ಮಾತ್ರ ಉಳಿದೀತು. ಆದುದರಿಂದ ಬಲ್ಲವರಿಂದ ನೋಡಿ ಕಲಿಯಿರಿ. ಕಥೆಗಾರ ಆಂಡರ್ಸನ್ನನಿಗೂ ಕಾಗದ ಕತ್ತರಿಸುವ ಹವ್ಯಾಸ ಬಹಳವಾಗಿತ್ತು. ಡೆನ್ಮಾರ್ಕಿನವರು ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಕಾಗದದ ಹೆಣಿಗೆಯ ಹೃದಯಗಳಲ್ಲಿ ತಿಳಿದಮಟ್ಟಿಗೆ ಹಳೆಯದು 1860ರಲ್ಲಿ ಆತನೇ ಮಾಡಿದ್ದು. ಇಂಥವೆಲ್ಲ ಪರದೇಶದವರ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಫ್ರೋಬೆಲ್ಲನ ಕಾಗದದ ಮಡಿಕೆಯಿಂದಲೇ ಪ್ರೇರಿತರಾಗಿ ಟಿ. ಸುಂದರರಾಯರು ಕಾಗದ ಮಡಿಸಿ ರೇಖಾಗಣಿತ ಕಲಿಯುವುದನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು, 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗಮನಿಸಿ ಉಲ್ಲೇಖಿಸಿದ ಮೇಲೆ ಅಮೆರಿಕದಲ್ಲಿಯೂ ಅದರ ಮುದ್ರಣವಾಯಿತು. ನಮ್ಮ ಕಾಲೇಜುಗಳಲ್ಲಿ ಆ ಹೆಸರನ್ನು ಕೇಳಿದವರು ವಿರಳ.

ಓಲೆಗಳ ಮೇಲೆ ಏನನ್ನು ಚಿತ್ರಿಸಬೇಕು? ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಕೊಯ್ದ ಮುಖದ ಮೇಲೆ ನಕ್ಷತ್ರವನ್ನೋ ಗಂಟೆಯನ್ನೋ ಕೆತ್ತಿ, ತೇವವನ್ನು ಬಟ್ಟೆಯಿಂದ ಒತ್ತಿ, ಬಣ್ಣ ಹಚ್ಚಿ ಒತ್ತಿದರೆ ಅದೇ ಅಚ್ಚು. ಐದು ವರ್ಷದ ಮಗುವೂ ಮಾಡಬಲ್ಲ ಕೆಲಸ. ಆದರೆ ಅಂಗಡಿಯ ಓಲೆಗಳನ್ನು ನೋಡಿ ಹಿಮವನ್ನೂ ಕೆಂಪು ಎದೆಯ ರಾಬಿನ್ ಹಕ್ಕಿಯನ್ನೂ ನಕಲು ಮಾಡುವುದೇಕೆ ಎಂದು ನನಗೆ ತಿಳಿಯದು. ಆ ಹಕ್ಕಿ ಓಲೆಯ ಮೇಲೆ ಬಂದು ಕುಳಿತದ್ದಕ್ಕೆ ಒಂದು ಕಾರಣ ಹೇಳುತ್ತಾರೆ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಅಂಚೆಯವರು ಕೆಂಪು ಅಂಗಿ ತೊಡುತ್ತಿದ್ದುದರಿಂದ ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ನಮ್ಮ ಅಂಚೆಯಣ್ಣನದು ಖಾಕಿ. ನಮ್ಮಲ್ಲಿ ಸರ್ವೆಮರದ ಕೊಂಬೆಯನ್ನು ತಂದು ನೆಟ್ಟು, ಅದರ ಮೇಲೆ ಹಿಮವೆಂದು ಹತ್ತಿ ಹರಡುತ್ತಾರೆ. ಕೊಂಬೆ ಸರಿ, ಹತ್ತಿ ನನಗೆ ಒಪ್ಪಿಗೆಯಿಲ್ಲ. ಡಿಸೆಂಬರಿನಲ್ಲಿ ನಮ್ಮ ನಾಡಿಗೆ ತನ್ನದೇ ಚೆಲುವು ಉಂಟು. ಮಾಗಿಯ ಮುಂಜಾವಿನ ಮಂಜು, ಸೊಗಡಿನ ಅವರೆಕಾಯಿಯ ರಾಶಿ, ಕೊಯ್ಲಾದ ರಾಗಿಯ ಹೊಲ, ಬೆಂಗಳೂರಿನ ತೋಟಗಳಲ್ಲಿ ಕೆಂಪೇರಿದ ಪಾಯಿನ್‌ಸೆಟ್ಟಿಯ ಗಿಡ, ಇವುಗಳಲ್ಲಿ ಯಾವುದನ್ನು ಬರೆದರೂ ಅದು ಈ ಊರಿನಿಂದ ಹೋದ ಓಲೆಯೆಂದು ಪಡೆದವರಿಗೆ ತಿಳಿಯುತ್ತದೆ. ಚಿತ್ರ ಸೊಟ್ಟಗಾದರೆ ಆಗಲಿ. ದೂರದೂರಿನ ಅಜ್ಜಿ ಓಲೆಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು ಗೆರೆ ನೆಟ್ಟಗಿದೆಯೆಂದಲ್ಲ.

ಇದನ್ನೆಲ್ಲ ಕೇಳಿ, 'ಉಪನ್ಯಾಸಕರಿಗೇನು, ಮಾತನಾಡಿ ಹೋಗುತ್ತಾರೆ. ಹಬ್ಬದ ಕೆಲಸವೇ ಮುಗಿಯದಿರುವಾಗ ಇದಕ್ಕೆಲ್ಲ ಬಿಡುವೆಲ್ಲಿ?' ಎಂದು ಗೃಹಿಣಿಯರು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದು. ಮಂಗಳೂರಿನ ಕಡೆಯ ಮನೆಗಳಲ್ಲಿ ಕುಸ್ವಾರಿನ ತಿಂಡಿಗಳಿಗೇ ವಾರಗಟ್ಟಲೆ ದುಡಿಯುತ್ತಾರೆ. ಅದರ ಮೇಲೆ ನಕ್ಷತ್ರವನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ. ನನ್ನ ಸೂಚನೆ ಇಷ್ಟು: ಕರಿಯುವುದೂ ಬೇಯಿಸುವುದೂ ಒಳಗೆ ನಡೆಯುತ್ತಿರುವಾಗ, ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತ ಗಂಡಸರು ಆ ಪತ್ರಿಕೆಯನ್ನೇ ನೆಲಕ್ಕೆ ಹಾಸಿ, ಕತ್ತರಿ ಅಂಟುಗಳೊಡನೆ ಮಕ್ಕಳನ್ನು ಕರೆದು ಕೂಡಿಸಿಕೊಳ್ಳಲಿ. ಕಸವನ್ನೂ ಅವರೇ ಗುಡಿಸಲಿ.

ಒಂದು ಮಾತು ಮರೆತಿದ್ದೆ. ಹಬ್ಬ ಕಳೆದು, ಜನವರಿ 6ರ ಮೂವರು ಜ್ಞಾನಿಗಳ ದಿನವೂ ಆದ ಮೇಲೆ ನಕ್ಷತ್ರವನ್ನು ಇಳಿಸಿ, ಹರಿದ ಕಾಗದವನ್ನು ಕಿತ್ತು, ಬಿದಿರಿನ ಚೌಕಟ್ಟನ್ನು ಮಾತ್ರ ಅಟ್ಟದ ಮೇಲೆ ಒಣಗಿದ ಕಡೆ ಇಡಿ. ಮಳೆಗಾಲದ ತೇವ ತಗಲದಂತೆ ನೋಡಿಕೊಂಡರೆ ಮುಂದಿನ ಡಿಸೆಂಬರಿಗೂ ಅದೇ ಬರುತ್ತದೆ. ದಾರಗಳನ್ನು ಮಾತ್ರ ಒಮ್ಮೆ ಬಿಗಿಮಾಡಿ, ಹೊಸ ಕಾಗದ ಅಂಟಿಸಬೇಕು.