ರೊಟ್ಟಿ ಜೋಡಿ ಹಸಿ ತಪ್ಪಲ: ವಿಷ ಹೊಡೆಯದೆ ಬೆಳೆಯೋಣ

(ಸ್ವಸಹಾಯ ಸಂಘಗಳ ಸದಸ್ಯರ ತರಬೇತಿಯಲ್ಲಿ ಮಾಡಿದ ಭಾಷಣ)



ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಊಟ ಅಂದ್ರ ಜೋಳದ ರೊಟ್ಟಿ, ಪಲ್ಲೆ, ಜೋಡಿಗೆ ಹಸಿ ತಪ್ಪಲ. ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ, ಎಳೆ ಕಡ್ಲಿ ಕುಡಿ ಇವನ್ನು ನಾವು ಕುದಿಸೋದಿಲ್ಲ, ಹಂಗ ತಿಂತೀವಿ. ಪಟ್ಟಣದ ಹೋಟೆಲಿನಲ್ಲಿ ಕೊಡುವ ಲೆಟ್ಯೂಸ್ ಎಲೆ ಸಹ ನಮ್ಮ ಹಕ್ಕರಕಿಯ ಬಳಗದ್ದೇ. ಎರಡನ್ನೂ ಮುರಿದರೆ ಹಾಲು ಬರುತ್ತದೆ. ಹೀಗೆ ಹಸಿಯಾಗಿ ತಿನ್ನುವ ಎಲೆಗೆ ಹುಳ, ರೋಗ ಬಿದ್ದರೆ ಏನು ಮಾಡಬೇಕು? ಇವತ್ತು ಇದೊಂದೇ ವಿಷಯ ಮಾತಾಡೋಣ.

ಮೊದಲು ಒಂದು ಲೆಕ್ಕ ಹಾಕೋಣ. ಮೆಂತ್ಯ ಬಿತ್ತಿದ 25–30 ದಿನಕ್ಕೆ ಕೀಳುತ್ತೀವಿ. ಹುಳ ಕಾಣಿಸುವುದು ಹದಿನೈದು-ಇಪ್ಪತ್ತು ದಿನ ಆದ ಮೇಲೆ. ಆವಾಗ ರಾಸಾಯನಿಕ ಹೊಡೆದರೆ, ಎಷ್ಟು ದಿನ ಬಿಟ್ಟು ಕೀಳಬೇಕು ಎಂಬ ನಿಯಮ ಪಾಲಿಸಲು ದಿನಗಳೇ ಉಳಿಯುವುದಿಲ್ಲ. ಸಂತೆ ನಾಳೆ ಇದ್ದರ ತಪ್ಪಲ ಇವತ್ತು ಕೀಳಲೇಬೇಕು. ಕೆಲವು ವಿಷ ಎಲೆಯ ಒಳಗೇ ಇಳಿಯುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ನಾವು ಅದಕ್ಕೆ ‘ಎಣ್ಣಿ’ ಅಂತೀವಿ, ಅಂಗಡಿಯವರು ‘ಔಷಧ’ ಅಂತಾರ. ಡಬ್ಬಿಯ ಮೇಲೆ ಕೆಂಪು ತ್ರಿಕೋನ ಇದ್ದರೆ ಅದು ಅತಿ ಘೋರ ವಿಷ. ತ್ರಿಕೋನ ಹಸಿರು ಇದ್ದರೂ ಅದು ಸಾವಯವ ಎಂದು ಅರ್ಥವಲ್ಲ.

ಹಕ್ಕರಕಿ, ಕಡ್ಲಿ ಕುಡಿಯ ಮಾತು ಇನ್ನೂ ಸೂಕ್ಷ್ಮ. ಹಕ್ಕರಕಿಯನ್ನು ಬಹಳ ಕಡೆ ಯಾರೂ ಬಿತ್ತುವುದಿಲ್ಲ, ಅದು ಹೊಲದಾಗ ತಾನೇ ಬೆಳೀತದ. ಹತ್ತಿಗೋ ಕಡಲೆಗೋ ಹೊಡೆದ ವಿಷ ಅದರ ಮೇಲೂ ಬೀಳುತ್ತದೆ. ಎಣ್ಣಿ ಹೊಡೆಯುವವರು ಮನೆಯ ಗಂಡಸರು, ಉಡಿ ತುಂಬ ಕಿತ್ತು ತರುವವರು ನಾವು, ತಿನ್ನುವವರು ಮಕ್ಕಳು. ಆದ್ದರಿಂದ ಯಾವ ಹೊಲಕ್ಕೆ ಎಂದು ಹೊಡೆದರು ಎಂಬುದು ಮನೆಯ ಹೆಣ್ಣುಮಗಳಿಗೆ ಗೊತ್ತಿರಲೇಬೇಕು. ಕೇಳ್ರಿ, ನಾಚಬ್ಯಾಡ್ರಿ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿನ ಕನ್ನಡ, ಮಲಯಾಳ ಮಾತಾಡುವ ಬಡ ಕುಟುಂಬಗಳು ಇಂದಿಗೂ ಅದರ ನೋವು ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ.

ಹಂಗಾದ್ರ ಹುಳಕ್ಕೆ ಬೆಳೆ ಬಿಟ್ಟುಕೊಡಬೇಕಾ? ಬೇಡ. ದಾರಿಗಳಿವೆ.

ಮೊದಲನೆಯದು ಬಿತ್ತುವ ಮುಂಚೆ. ಸಸಿ ಬುಡ ಕೊಳೆತು ಬೀಳುವ ರೋಗಕ್ಕೆ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಇದೆ. ಅದು ರೋಗ ತರುವ ಶಿಲೀಂಧ್ರವನ್ನೇ ತಿಂದು ಬದುಕುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂ ಹಚ್ಚಿ ನೆರಳಿನಲ್ಲಿ ಆರಿಸಿ ಬಿತ್ತಿರಿ. ಒಂದು ಕಿಲೋ ಪುಡಿಯನ್ನು 100 ಕಿಲೋ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿ, ತೇವ ಮಾಡಿ, ಹಸಿ ಗೋಣಿಚೀಲ ಮುಚ್ಚಿ ಒಂದೆರಡು ವಾರ ನೆರಳಿನಲ್ಲಿಟ್ಟು ಮಡಿಗೆ ಹಾಕಬಹುದು.

ಎರಡನೆಯದು, ನಮ್ಮ ಗೆಳೆಯ ಹುಳಗಳನ್ನು ಉಳಿಸುವುದು. ಗುಲಗಂಜಿ ಹುಳ ಎಲ್ಲರಿಗೂ ಗೊತ್ತು. ಅದರ ಮರಿ ಮಾತ್ರ ಸಣ್ಣ ಮೊಸಳೆಯ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ಅದನ್ನೇ ಹೊಸಕಿ ಹಾಕ್ತಾರ. ಒಂದೊಂದು ಮರಿ ನೂರಾರು ಹೇನು ತಿಂದು ದೊಡ್ಡದಾಗುತ್ತದೆ. ಮಡಿಯ ಸುತ್ತ ಎರಡು ಸಾಲು ಜೋಳ ಹಾಕಿರಿ. ಜೋಳದ ಹೇನು ತಿಂದು ಗುಲಗಂಜಿ ಹುಳ ಅಲ್ಲೇ ಹೆಚ್ಚಿ, ತಪ್ಪಲಿಗೂ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಾಗ ಚರಗ ಚೆಲ್ಲಿ ಹಕ್ಕಿ ಕರೆಯುತ್ತೀವಿ. ವರ್ಷವಿಡೀ ಹಕ್ಕಿ ಬರಲಿ ಎಂದು ನಾಲ್ಕು ಒಣ ಟೊಂಗೆ ನೆಟ್ಟರೆ ಅವು ಕೂತು ಹುಳ ಆರಿಸುತ್ತವೆ.

ಮೂರನೆಯದು, ಎಲೆ ತಿನ್ನುವ ಕೀಡಿಗೆ ಬಿ.ಟಿ. ಪುಡಿ. ಬಿ.ಟಿ. ಹತ್ತಿಗೆ ಆ ಹೆಸರು ಬಂದದ್ದು ಇದೇ ಸೂಕ್ಷ್ಮಾಣುವಿನಿಂದ. ಇದು ಕೀಡಿಯ ಹೊಟ್ಟೆಯೊಳಗೆ ಕೆಲಸ ಮಾಡುತ್ತದೆ. ಕೀಡಿ ತಿನ್ನುವುದನ್ನು ಬೇಗ ಬಿಡುತ್ತದೆ, ಸಾಯಲು ಎರಡು-ಮೂರು ದಿನ ಹಿಡಿಯುತ್ತದೆ. ‘ಇನ್ನೂ ಜೀವಂತ ಐತಿ’ ಎಂದು ಗಾಬರಿಯಾಗಿ ಮತ್ತೆ ವಿಷ ತರಬೇಡಿ. ಕೀಡಿ ಸಣ್ಣದಿದ್ದಾಗಲೇ, ಸಂಜೆ ಹೊತ್ತು ಹೊಡೆಯಿರಿ. ಹೇನಿಗೆ ಇದು ನಾಟುವುದಿಲ್ಲ. 1901ರಲ್ಲಿ ಜಪಾನಿನಲ್ಲಿ ಇದನ್ನು ಕಂಡುಹಿಡಿದದ್ದೇ ಸತ್ತ ರೇಷ್ಮೆ ಹುಳದಲ್ಲಿ. ಹಿಪ್ಪುನೇರಳೆ ಹತ್ತಿರ ಖಂಡಿತ ಬೇಡ.

ನಾಲ್ಕನೆಯದು ನಮ್ಮ ಬೇವು. ಬೇಸಿಗೆ ಕೊನೆಗೆ, ಮುಂಗಾರು ಶುರುವಿನಲ್ಲಿ ಉದುರುವ ಹಣ್ಣು ಆರಿಸಿ, ಸಿಪ್ಪೆ ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಡಿ. 10 ಲೀಟರ್ ನೀರಿಗೆ ಅರ್ಧ ಕಿಲೋ ಬೀಜದ ತಿರುಳು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ ಅದೇ ದಿನ ಸಿಂಪಡಿಸಿ. ಹೇನು, ಎಳೆ ಕೀಡಿ ಎರಡಕ್ಕೂ ಆಗುತ್ತದೆ. ಎಲೆ ಮೇಲೆ ಕಹಿ ಉಳಿಯುವುದರಿಂದ ಕೀಳುವ ವಾರದ ಮೊದಲೇ ನಿಲ್ಲಿಸಿ.

ಇನ್ನು ಎಚ್ಚರಿಕೆಯ ಮಾತು. ಸಾವಯವ ಎಂದ ಕೂಡಲೇ ಎಲ್ಲವೂ ಸುರಕ್ಷಿತವಲ್ಲ. ತಂಬಾಕಿನ ಕಷಾಯವೂ ವಿಷವೇ. ಸಗಣಿ, ಗೋಮೂತ್ರದ ಜೀವಾಮೃತವನ್ನು ಹಸಿ ತಿನ್ನುವ ಎಲೆಗೆ ಎರಚಬೇಡಿ, ವಾಂತಿ-ಭೇದಿ ಆದೀತು. ಮಣ್ಣಿಗೆ, ಬಿತ್ತುವ ಮೊದಲು ಕೊಡಿ. ಟ್ರೈಕೋಡರ್ಮಾ, ಬಿ.ಟಿ. ಜೀವ ಇರುವ ವಸ್ತುಗಳು: ಬಿಸಿಲಿಗೆ ಇಡಬೇಡಿ, ರಾಸಾಯನಿಕದ ಜೊತೆ ಬೆರೆಸಬೇಡಿ, ಅವಧಿ ಮುಗಿದ ದಿನಾಂಕ ನೋಡದೆ ಕೊಳ್ಳಬೇಡಿ. ಸಂಶಯ ಬಂದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಹುಳ ಬಿದ್ದ ಎಲೆ ಕೈಯಲ್ಲಿ ಹಿಡಿದೇ ಹೋಗ್ರಿ.

ಕೊನೆಯದಾಗಿ, ಕೊಳ್ಳುವವರಿಗೂ ಒಂದು ಮಾತು. ಸಂತೆಯಲ್ಲಿ ಒಂದು ತೂತು ಕಂಡರೆ ಸಿವುಡು ಬದಿಗಿಡುತ್ತೀವಿ. ಆ ತೂತಿಗೆ ಹೆದರಿಯೇ ಬೆಳೆಯುವ ಅಕ್ಕ ಎಣ್ಣಿ ಡಬ್ಬಿ ಹಿಡಿಯುತ್ತಾಳೆ. ಅಲ್ಲೊಂದು ಇಲ್ಲೊಂದು ತೂತು ಇರಲಿ ಬಿಡ್ರಿ, ಹುಳ ಒಂದು ತುತ್ತು ತಿಂದರೆ ನಮಗೆ ಉಳಿದದ್ದು ಸಾಕು.

ಪ್ರತಿ ಸಂಘವೂ ಈ ಸಲ ಹಿತ್ತಲಲ್ಲೋ ಹೊಲದ ಮೂಲೆಯಲ್ಲೋ ಮೆಂತ್ಯದ ಒಂದು ಮಡಿಯನ್ನು ಹೀಗೆ ಬೆಳೆಯಲಿ. ಒಂದೇ ತಿಂಗಳ ಕೆಲಸ. ಎಷ್ಟು ಖರ್ಚಾಯಿತು, ಎಷ್ಟು ಸಿವುಡು ಬಂತು, ಯಾವ ಹುಳ ಕಂಡಿತು ಎಂದು ಸಂಘದ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಸಭೆಗೆ ತನ್ನಿ. ಎಲ್ಲರೂ ಕೂಡಿ ಲೆಕ್ಕ ನೋಡೋಣ.